ಸಂದೇಶ ಸರತಿ: ಸಿ ಭಾಷೆಯಲ್ಲಿ ಪ್ರೋಸೆಸ್‌ಗಳ ನಡುವಿನ ಸಂವಹನ

ಒಂದೇ ಕಂಪ್ಯೂಟರಿನಲ್ಲಿ ಓಡುತ್ತಿರುವ ಬೇರೆ ಬೇರೆ ಪ್ರೋಸೆಸ್‌ಗಳು ಪರಸ್ಪರ ಮಾಹಿತಿ ಕಳಿಸಿಕೊಳ್ಳಲು ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಇಟ್ಟುಕೊಡುವ ಸಾಲಿಗೆ ಸಂದೇಶ ಸರತಿ ಎನ್ನುತ್ತಾರೆ. ಮೆಸೇಜ್ ಕ್ಯೂ ಎಂಬ ಹೆಸರೂ ಅಷ್ಟೇ ರೂಢಿಯಲ್ಲಿದೆ. ಕಳಿಸುವ ಪ್ರೋಸೆಸ್ ತನ್ನ ಸಂದೇಶವನ್ನು ಸಾಲಿಗೆ ಸೇರಿಸಿ ಮುಂದಿನ ಕೆಲಸಕ್ಕೆ ಹೋಗುತ್ತದೆ. ಪಡೆಯುವ ಪ್ರೋಸೆಸ್ ಬಿಡುವಾದಾಗ ಅದನ್ನು ಎತ್ತಿಕೊಳ್ಳುತ್ತದೆ. ಇಬ್ಬರೂ ಒಂದೇ ಹೊತ್ತಿಗೆ ಎಚ್ಚರವಾಗಿರಬೇಕಿಲ್ಲ, ಒಬ್ಬರ ಗುರುತು ಇನ್ನೊಬ್ಬರಿಗೆ ಇರಬೇಕೆಂದೂ ಇಲ್ಲ. ಯುನಿಕ್ಸ್ ಮತ್ತು ಲಿನಕ್ಸ್‌ಗಳಲ್ಲಿ ಸಿ ಭಾಷೆಯಿಂದ ನೇರವಾಗಿ ಕರೆಯಬಹುದಾದ ಸಂದೇಶ ಸರತಿಗಳು ಎರಡು ಬಗೆ: ಹಳೆಯದು ಸಿಸ್ಟಮ್ ಫೈವ್, ಹೊಸದು ಪೋಸಿಕ್ಸ್. ಎರಡರ ಮೇಲೂ ಇರುವ ದೊಡ್ಡ ದೂರು ಒಂದೇ, ಅವು ಬೇಗ ತುಂಬಿಹೋಗುತ್ತವೆ ಎಂಬುದು. ಈ ಲೇಖನದ ವಾದ ಅದಕ್ಕೆ ಎದುರಾದದ್ದು. ಸರತಿಗೆ ಮಿತಿ ಇರುವುದು ದೋಷವಲ್ಲ. ಉಳಿದ ಸಾಧನಗಳಲ್ಲಿ ಅಷ್ಟು ಸುಲಭವಾಗಿ ಸಿಗದ ಒಂದು ಗುಣ ಆ ಮಿತಿಯಿಂದಲೇ ಬರುತ್ತದೆ.

ಪ್ರತಿ ಪ್ರೋಸೆಸ್‌ಗೂ ಅದರದೇ ಮೆಮೊರಿ. ಒಂದು ಪ್ರೋಸೆಸ್‌ನ ವೇರಿಯಬಲ್ ಇನ್ನೊಂದಕ್ಕೆ ಕಾಣದು, ಕಾಣಲೂಬಾರದು; ಒಂದು ಕುಸಿದರೆ ಇನ್ನೊಂದು ಉಳಿಯುವುದು ಈ ಗೋಡೆಯಿಂದಲೇ. ಗೋಡೆಯಾಚೆ ಮಾತು ದಾಟಿಸಲು ಮೊದಲು ಬಂದದ್ದು ಪೈಪ್. ಪೈಪ್‌ನಲ್ಲಿ ಹರಿಯುವುದು ಬರೀ ಬೈಟುಗಳು. ನೂರು ಬೈಟಿನ ಎರಡು ಮಾತುಗಳನ್ನು ಬರೆದರೆ ಆಚೆ ಓದುವವನಿಗೆ ಇನ್ನೂರು ಬೈಟು ಒಟ್ಟಿಗೆ ಸಿಗಬಹುದು, ಎಲ್ಲಿ ಮೊದಲನೆಯದು ಮುಗಿದು ಎರಡನೆಯದು ಶುರುವಾಯಿತು ಎಂಬುದನ್ನು ಅವನೇ ಲೆಕ್ಕ ಹಾಕಿಕೊಳ್ಳಬೇಕು. ಹಲವರು ಒಂದೇ ಪೈಪಿಗೆ ಬರೆಯುವಾಗ ಲಿನಕ್ಸ್‌ನಲ್ಲಿ 4096 ಬೈಟಿನವರೆಗಿನ ಬರಹ ಮಾತ್ರ ಇನ್ನೊಬ್ಬರದರೊಂದಿಗೆ ಬೆರೆಯದಂತೆ ಖಾತರಿ ಇದೆ. ಸಂದೇಶ ಸರತಿಯಲ್ಲಿ ಈ ತಾಪತ್ರಯವಿಲ್ಲ. ಒಂದು ಸಲ ಕಳಿಸಿದ್ದು ಒಂದು ಸಂದೇಶ, ಒಂದು ಸಲ ಪಡೆದದ್ದೂ ಒಂದು ಸಂದೇಶ. ಅರ್ಧ ಸಿಗುವುದಿಲ್ಲ, ಎರಡು ಅಂಟಿಕೊಂಡು ಬರುವುದೂ ಇಲ್ಲ.

ಈ ಕಲ್ಪನೆ ಹುಟ್ಟಿದ್ದು ಪ್ರಯೋಗಾಲಯದ ಕುತೂಹಲದಿಂದಲ್ಲ, ವ್ಯವಹಾರದ ಒತ್ತಡದಿಂದ. 1970ರ ದಶಕದಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದ ಬೆಲ್ ಲ್ಯಾಬ್ಸ್ ಶಾಖೆ ಟೆಲಿಫೋನ್ ಕಂಪನಿಯ ದಾಖಲೆ ಮತ್ತು ವಹಿವಾಟುಗಳಿಗೆ ಯುನಿಕ್ಸನ್ನು ಒಗ್ಗಿಸಿಕೊಳ್ಳುತ್ತಿತ್ತು. ಸಂದೇಶ ಸರತಿ, ಸೆಮಾಫೋರ್, ಹಂಚಿಕೆಯ ಮೆಮೊರಿ ಈ ಮೂರೂ ಅಲ್ಲಿನ ಯುನಿಕ್ಸ್ ಆವೃತ್ತಿಯಲ್ಲಿ ರೂಪುಗೊಂಡು, 1983ರ ಸಿಸ್ಟಮ್ ಫೈವ್ ಮೂಲಕ ಎಲ್ಲೆಡೆ ಹರಡಿದವು. ಹತ್ತು ವರ್ಷಗಳ ಮೇಲೆ, 1993ರಲ್ಲಿ, ಪೋಸಿಕ್ಸ್ ಮಾನದಂಡದ ರಿಯಲ್‌ಟೈಮ್ ವಿಸ್ತರಣೆ ಅದೇ ಕೆಲಸಕ್ಕೆ ಹೊಸ ಕರೆಗಳನ್ನು ಗೊತ್ತುಮಾಡಿತು. ಲಿನಕ್ಸ್ ಅವನ್ನು ಒಳಗೆ ಬಿಟ್ಟುಕೊಂಡದ್ದು 2004ರಲ್ಲಿ, 2.6.6ನೇ ಕರ್ನಲ್‌ನೊಂದಿಗೆ. ನಮ್ಮಲ್ಲಿ ಈ ವಿಷಯ ಹೆಚ್ಚಿನವರ ಕಣ್ಣಿಗೆ ಬಿದ್ದದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಯುನಿಕ್ಸ್ ಸಿಸ್ಟಮ್ ಪ್ರೋಗ್ರಾಮಿಂಗ್ ಪಠ್ಯದಿಂದ. ಹಾವೇರಿ ಜಿಲ್ಲೆಯ ಕುಪ್ಪೇಲೂರಿನ ಕಡೆಯಿಂದ ರಾಣೆಬೆನ್ನೂರಿಗೆ ಎಂಜಿನಿಯರಿಂಗ್ ಓದಲು ಹೋಗುವ ಹುಡುಗ ಹುಡುಗಿಯರೂ ಕರೆಗಳ ಹೆಸರುಗಳನ್ನು ಆ ಪಠ್ಯದಲ್ಲೇ ಕಂಡವರು. ಪರೀಕ್ಷೆಗೆ ಕರೆಗಳ ಪಟ್ಟಿ ಸಾಕು. ಆದರೆ ಸರತಿ ಯಾಕೆ ಹೀಗಿದೆ ಎಂದು ತಿಳಿಯಬೇಕಾದರೆ ಒಂದು ನಿಜವಾದ ಕೆಲಸವನ್ನು ಎದುರಿಗಿಟ್ಟುಕೊಳ್ಳಬೇಕು.

ಅಂಥ ಕೆಲಸ ನೆರೆಯ ಬ್ಯಾಡಗಿಯಲ್ಲಿದೆ. ಅಲ್ಲಿನ ಮೆಣಸಿನಕಾಯಿ ಮಾರುಕಟ್ಟೆಗೆ ಹಾವೇರಿ ಜಿಲ್ಲೆಯಿಂದಷ್ಟೇ ಅಲ್ಲ, ಗದಗ, ಕೊಪ್ಪಳ, ಬಳ್ಳಾರಿ, ರಾಯಚೂರುಗಳಿಂದಲೂ ಆಂಧ್ರದಿಂದಲೂ ಮಾಲು ಬರುತ್ತದೆ. ಸುಗ್ಗಿಯಲ್ಲಿ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲಗಳು ಇಳಿಯುವುದುಂಟು. ರೈತನ ಚೀಲಗಳು ದಲಾಲಿ ಅಂಗಡಿಯ ಮುಂದೆ ಲಾಟ್ ಆಗುತ್ತವೆ, ಲಾಟಿಗೆ ನಂಬರ್ ಬೀಳುತ್ತದೆ, ಖರೀದಿದಾರರು ಕಾಯಿಯನ್ನು ಮುರಿದು, ಬಣ್ಣ ಒಣಗು ನೋಡಿ, ಕ್ವಿಂಟಲಿಗೆ ಇಷ್ಟು ಎಂದು ಟೆಂಡರ್‌ನಲ್ಲಿ ದರ ನಮೂದಿಸುತ್ತಾರೆ. ಹೊತ್ತು ಮುಗಿದ ಮೇಲೆ ಪ್ರತಿ ಲಾಟಿಗೂ ಹೆಚ್ಚಿನ ದರ ಯಾರದೆಂದು ಘೋಷಣೆ. ದರ ಒಗ್ಗದಿದ್ದರೆ ಮಾರುವುದಿಲ್ಲ ಎನ್ನುವ ಹಕ್ಕು ರೈತನಿಗಿದೆ. ರಾಜ್ಯದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತರಲು ಕರ್ನಾಟಕ ಸರ್ಕಾರ 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಜಂಟಿ ಸಂಸ್ಥೆಯ ಮೂಲಕ ಹೆಜ್ಜೆ ಇಟ್ಟಿತು. ಅಷ್ಟು ದೊಡ್ಡ ಜಾಲ ಇಲ್ಲಿನ ವಿಷಯವಲ್ಲ. ಒಂದೇ ಲಿನಕ್ಸ್ ಯಂತ್ರದಲ್ಲಿ ಇಂಥ ಟೆಂಡರನ್ನು ನಡೆಸುವ ಸಿ ಪ್ರೋಗ್ರಾಮ್ ಬರೆಯಲು ಕೂತರೆ ಸರತಿ ಎಲ್ಲಿ ಬೇಕಾಗುತ್ತದೆ ಎಂಬುದು ವಿಷಯ. ಕೌಂಟರುಗಳಲ್ಲಿ ದರ ನಮೂದಿಸುವ ಪ್ರೋಸೆಸ್‌ಗಳು ಹಲವು, ಅವನ್ನೆಲ್ಲ ಒಂದೊಂದಾಗಿ ಕಡತಕ್ಕೆ ಬರೆಯುವ ಟೆಂಡರ್ ಪ್ರೋಸೆಸ್ ಒಂದೇ. ನಡುವೆ ಸರತಿ.

ಸಿಸ್ಟಮ್ ಫೈವ್ ಬಗೆಯಲ್ಲಿ ಮೊದಲು ಎಫ್‌ಟಾಕ್ ಎಂಬ ಕರೆಗೆ ಒಂದು ಕಡತದ ಹೆಸರನ್ನೂ ಒಂದು ಸಣ್ಣ ಅಂಕಿಯನ್ನೂ ಕೊಟ್ಟು ಕೀಲಿ ಪಡೆಯುತ್ತಾರೆ. ಆ ಕೀಲಿಯನ್ನು ಎಂಎಸ್‌ಜಿಗೆಟ್‌ಗೆ ಕೊಟ್ಟರೆ ಸರತಿಯ ಗುರುತು ಸಂಖ್ಯೆ ಸಿಗುತ್ತದೆ. ಕೀಲಿ ಹುಟ್ಟುವುದು ಕಡತದ ಹೆಸರಿನಿಂದಲ್ಲ, ಅದರ ಐನೋಡ್ ಸಂಖ್ಯೆಯಿಂದ. ಹಾಗಾಗಿ ಯಾರೋ ಆ ಕಡತವನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದರೆ ಕೀಲಿ ಬದಲಾಗಬಹುದು, ಆಗ ಎರಡು ಪ್ರೋಸೆಸ್‌ಗಳು ಎರಡು ಬೇರೆ ಸರತಿಗಳ ಮುಂದೆ ಕಾಯುತ್ತ ಕೂರುತ್ತವೆ. ಸಂದೇಶದ ಸ್ಟ್ರಕ್ಚರ್‌ನ ಮೊದಲ ಅಂಗ ಲಾಂಗ್ ಜಾತಿಯದಾಗಿರಬೇಕು, ಸೊನ್ನೆಗಿಂತ ದೊಡ್ಡದಿರಬೇಕು. ಅದು ಸಂದೇಶದ ಬಗೆಯನ್ನು ಹೇಳುತ್ತದೆ. ಅದರ ಹಿಂದೆ ಲಾಟ್ ನಂಬರ್, ಖರೀದಿದಾರನ ಲೈಸೆನ್ಸ್ ನಂಬರ್, ದರ ಎಂದು ನಾಲ್ಕು ನಾಲ್ಕು ಬೈಟಿನ ಮೂರು ಇಂಟ್‌ಗಳನ್ನಿಟ್ಟರೆ 64 ಬಿಟ್ ಯಂತ್ರದಲ್ಲಿ ಇಡೀ ಸ್ಟ್ರಕ್ಚರ್ 20 ಬೈಟ್ ಆಗುವುದಿಲ್ಲ, ಕಂಪೈಲರ್ ಕೊನೆಗೆ ನಾಲ್ಕು ಬೈಟ್ ತುಂಬಿಸಿ 24 ಮಾಡುತ್ತದೆ. ಎಂಎಸ್‌ಜಿಸೆಂಡ್‌ಗೆ ಹೇಳಬೇಕಾದ ಅಳತೆಯಲ್ಲಿ ಮೊದಲಿನ ಲಾಂಗ್ ಸೇರುವುದಿಲ್ಲ, ಅಂದರೆ 16 ಎನ್ನಬೇಕು. ಸೈಜ್‌ಆಫ್ ಹಾಕಿ 24 ಎಂದೇ ಕೊಟ್ಟುಬಿಡುವುದು ಹೊಸಬರಲ್ಲಿ ತೀರ ಸಾಮಾನ್ಯ. ಆಗ ಕರ್ನಲ್ ಸ್ಟ್ರಕ್ಚರ್ ಮುಗಿದ ಮೇಲಿನ ಎಂಟು ಬೈಟನ್ನೂ ಎತ್ತಿಕೊಂಡು ಹೋಗುತ್ತದೆ. ಪಡೆಯುವ ಕಡೆಯಲ್ಲೂ ಇದೇ ತಪ್ಪಿದ್ದರೆ ಅಷ್ಟು ಬೈಟು ಪಕ್ಕದ ವೇರಿಯಬಲ್ ಮೇಲೆ ಬೀಳುತ್ತದೆ. ಪ್ರೋಗ್ರಾಮ್ ಹಲವು ಸಲ ಸರಿಯಾಗೇ ಓಡುತ್ತದೆ, ಅದೇ ಅಪಾಯ.

ಇದಕ್ಕಿಂತ ಕೆಟ್ಟ ತಪ್ಪು ಪಾಯಿಂಟರ್‌ನದು. ರೈತನ ಹೆಸರನ್ನೂ ಕಳಿಸೋಣ ಎಂದು ಸ್ಟ್ರಕ್ಚರ್‌ನಲ್ಲಿ ಕ್ಯಾರೆಕ್ಟರ್ ಪಾಯಿಂಟರ್ ಇಟ್ಟರೆ ಸರತಿಯಲ್ಲಿ ಹೋಗುವುದು ಹೆಸರಲ್ಲ, ಹೆಸರಿದ್ದ ಮೆಮೊರಿಯ ವಿಳಾಸ. ಆ ವಿಳಾಸಕ್ಕೆ ಕಳಿಸಿದ ಪ್ರೋಸೆಸ್‌ನ ಒಳಗೆ ಮಾತ್ರ ಅರ್ಥ. ಆಚೆಯವನು ಅದನ್ನು ಓದಲು ಹೋದರೆ ಅಲ್ಲೇ ಕುಸಿಯಬಹುದು, ಅಥವಾ ಬೇರೆ ಯಾವುದೋ ಅಕ್ಷರಗಳನ್ನು ರೈತನ ಹೆಸರೆಂದು ರಸೀದಿಗೆ ಅಚ್ಚುಹಾಕಬಹುದು. ಹೆಸರು ಹೋಗಬೇಕಾದರೆ ಸ್ಟ್ರಕ್ಚರ್‌ನ ಒಳಗೇ ಗೊತ್ತಾದ ಅಳತೆಯ ಕ್ಯಾರೆಕ್ಟರ್ ಅರೇ ಇರಬೇಕು. ಸಂದೇಶ ತನ್ನಲ್ಲೇ ಪೂರ್ಣವಾಗಿರಬೇಕು ಎಂಬ ಈ ಶಿಸ್ತು ಸಿ ಬರೆಯುವವರಿಗೆ ಮೊದಲು ಕಿರಿಕಿರಿಯೆನಿಸಿದರೂ ಮುಂದೆ ಅದೇ ಪ್ರೋಗ್ರಾಮನ್ನು ಎರಡು ಯಂತ್ರಗಳಿಗೆ ಹಂಚುವಾಗ ಬಹಳಷ್ಟು ಕೆಲಸ ಉಳಿಸುತ್ತದೆ.

ಪೋಸಿಕ್ಸ್ ಬಗೆ ಇದಕ್ಕಿಂತ ಚೊಕ್ಕ. ಎಂಕ್ಯೂ ಓಪನ್‌ಗೆ ಓರೆಗೆರೆಯಿಂದ ಶುರುವಾಗುವ ಒಂದು ಹೆಸರು ಕೊಟ್ಟರಾಯಿತು, ಕೀಲಿಯ ಗೋಜಿಲ್ಲ. ಸರತಿ ಮಾಡುವಾಗಲೇ ಎಷ್ಟು ಸಂದೇಶ ಹಿಡಿಯಬೇಕು, ಒಂದೊಂದು ಎಷ್ಟು ದೊಡ್ಡದಿರಬಹುದು ಎಂದು ಹೇಳಬೇಕು. ಆಮೇಲೆ ಬದಲಿಸಲು ಬರುವುದಿಲ್ಲ. ಹಿಂದೆ ಕಂಪೈಲ್ ಮಾಡುವಾಗ ರಿಯಲ್‌ಟೈಮ್ ಲೈಬ್ರರಿಯನ್ನು ಬೇರೆಯಾಗಿ ಜೋಡಿಸಬೇಕಿತ್ತು, 2021ರ ಸಿ ಲೈಬ್ರರಿ ಗ್ಲಿಬ್‌ಸಿ 2.34ರಿಂದ ಅದೂ ಬೇಕಿಲ್ಲ. ಬಗೆಯ ಬದಲು ಇಲ್ಲಿ ಪ್ರತಿ ಸಂದೇಶಕ್ಕೂ ಆದ್ಯತೆ ಇದೆ: ಹೆಚ್ಚಿನ ಆದ್ಯತೆಯದು ಮೊದಲು ಹೊರಬರುತ್ತದೆ, ಸಮ ಆದ್ಯತೆಯವು ಬಂದ ಕ್ರಮದಲ್ಲಿ. ಆದ್ಯತೆ ಕಂಡ ಕೂಡಲೇ ಬಳಸಬೇಕೆನಿಸುತ್ತದೆ, ಅಲ್ಲಿ ಎಚ್ಚರ ಬೇಕು. ಟೆಂಡರ್ ಮುಗಿಯಿತು ಎಂಬ ಸಂದೇಶ ಮಹತ್ವದ್ದಲ್ಲವೇ ಎಂದು ಅದಕ್ಕೆ ಹೆಚ್ಚಿನ ಆದ್ಯತೆ ಕೊಟ್ಟರೆ ಅದು ಸಾಲಿನಲ್ಲಿ ಆಗಲೇ ನಿಂತಿರುವ ದರಗಳನ್ನೆಲ್ಲ ದಾಟಿ ಮುಂದೆ ಬರುತ್ತದೆ. ಟೆಂಡರ್ ಪ್ರೋಸೆಸ್ ಬಾಗಿಲು ಹಾಕುತ್ತದೆ. ಹೊತ್ತಿಗೆ ಮೊದಲೇ ಬಂದಿದ್ದ ದರಗಳು ತಡವಾದವು ಎಂದಾಗುತ್ತದೆ. ಅದರಲ್ಲೊಂದು ಆ ಲಾಟಿನ ಅತಿ ಹೆಚ್ಚಿನ ದರವಾಗಿದ್ದರೆ ನಷ್ಟ ರೈತನಿಗೆ. ಮುಕ್ತಾಯದ ಸಂದೇಶ ದರಗಳ ಆದ್ಯತೆಯಲ್ಲೇ, ಅವುಗಳ ಹಿಂದೆಯೇ ಬರಬೇಕು. ಸಿಸ್ಟಮ್ ಫೈವ್‌ನಲ್ಲಿ ಬಗೆಯ ಜಾಗದಲ್ಲಿ ಸೊನ್ನೆ ಕೊಟ್ಟು ಓದಿದರೆ ಬಂದ ಕ್ರಮವೇ ಸಿಗುತ್ತದೆ. ಋಣ ಸಂಖ್ಯೆ ಕೊಟ್ಟರೆ ಕಡಿಮೆ ಬಗೆಯದು ಮೊದಲು ಬಂದು ಅದೇ ಅನ್ಯಾಯ ಮರುಕಳಿಸುತ್ತದೆ.

ಇನ್ನು ಮಿತಿಯ ಮಾತು. ಲಿನಕ್ಸ್‌ನಲ್ಲಿ ಸಿಸ್ಟಮ್ ಫೈವ್ ಸರತಿಯೊಂದು ಸಾಮಾನ್ಯವಾಗಿ 16384 ಬೈಟ್ ಹಿಡಿಯುತ್ತದೆ, ಒಂದು ಸಂದೇಶ 8192 ಬೈಟ್ ಮೀರುವಂತಿಲ್ಲ. ಪೋಸಿಕ್ಸ್ ಸರತಿಯ ರೂಢಿಯ ಮಿತಿ ಹತ್ತೇ ಸಂದೇಶ. ನಮ್ಮ 16 ಬೈಟಿನ ದರ ಸಂದೇಶ ಮೊದಲಿನದರಲ್ಲಿ 1024 ಹಿಡಿಸುತ್ತದೆ, ಎರಡನೆಯದರಲ್ಲಿ 10. ಟೆಂಡರ್ ಪ್ರೋಸೆಸ್ ಸೆಕೆಂಡಿಗೆ 10 ದರ ಬರೆಯಬಲ್ಲದು, ಬರುತ್ತಿರುವವು ಸೆಕೆಂಡಿಗೆ 12 ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ ಎರಡು ಹೆಚ್ಚುತ್ತ ಹೋಗಿ ಹತ್ತರ ಸರತಿ 5 ಸೆಕೆಂಡಿನಲ್ಲಿ ತುಂಬುತ್ತದೆ, 1024ರದು 512 ಸೆಕೆಂಡಿನಲ್ಲಿ, ಅಂದರೆ ಎಂಟೂವರೆ ನಿಮಿಷದಲ್ಲಿ. ದೊಡ್ಡದು ಹೆಚ್ಚು ತಾಳಿತು ಎಂದು ತೋರುತ್ತದೆ. ಆದರೆ ತುಂಬಿದ ಹತ್ತರ ಸಾಲಿನ ಕೊನೆಗೆ ಸೇರಿದ ದರ ಒಂದು ಸೆಕೆಂಡಿನಲ್ಲಿ ಕಡತ ಸೇರುತ್ತದೆ; ತುಂಬಿದ 1024ರ ಸಾಲಿನ ಕೊನೆಯದಕ್ಕೆ ನೂರು ಸೆಕೆಂಡಿಗೂ ಹೆಚ್ಚು. ಅಷ್ಟರಲ್ಲಿ ಖರೀದಿದಾರನ ಪರದೆಯಲ್ಲಿ ದರ ಹೋಯಿತು ಎಂದು ಬಂದಾಗಿರುತ್ತದೆ, ಕಡತದಲ್ಲಿ ಅದರ ಸುಳಿವಿಲ್ಲ. ನಿಧಾನ ಎರಡೂ ಕಡೆ ಒಂದೇ. ಸಣ್ಣ ಸರತಿ ಅದನ್ನು ಐದು ಸೆಕೆಂಡಿನಲ್ಲಿ ತೋರಿಸಿಕೊಟ್ಟಿತು, ದೊಡ್ಡದು ಎಂಟು ನಿಮಿಷ ಮುಚ್ಚಿಟ್ಟುಕೊಂಡಿತು. ಸಾಲಿನ ಉದ್ದ, ಬರುವ ವೇಗ, ಕಾಯುವ ಹೊತ್ತು ಈ ಮೂರರ ನಂಟನ್ನು 1961ರಲ್ಲಿ ಜಾನ್ ಲಿಟಲ್ ಗಣಿತದಿಂದ ಸಾಧಿಸಿ ತೋರಿಸಿದ್ದರು. ಮೆಮೊರಿ ಅಗ್ಗವಾದ ಮಾತ್ರಕ್ಕೆ ಆ ನಂಟು ಸಡಿಲವಾಗುವುದಿಲ್ಲ.

ಹಾಗಾದರೆ ಸರತಿಯೇ ಯಾಕೆ ಎಂದು ಕೇಳಬಹುದು. ಸರಾಸರಿಯ ಕೊರತೆ ತುಂಬುವುದು ಸರತಿಯ ಕೆಲಸವಲ್ಲ, ಒಮ್ಮೆಲೇ ಬಂದ ಒತ್ತಡವನ್ನು ತಾಳಿಕೊಳ್ಳುವುದು ಅದರ ಕೆಲಸ. ಟೆಂಡರ್ ಮುಗಿಯುವ ಕೊನೆಯ ನಿಮಿಷಗಳಲ್ಲಿ ದರಗಳು ಒತ್ತೊತ್ತಾಗಿ ಬರುವುದು ಸಹಜ. ಒಂದು ಸೆಕೆಂಡಿನಲ್ಲಿ 50 ಬಂದು ಮುಂದಿನ ನಾಲ್ಕು ಸೆಕೆಂಡು ಏನೂ ಬರದಿದ್ದರೆ, ಮೊದಲ ಸೆಕೆಂಡಿನಲ್ಲಿ 10 ತೀರಿ 40 ಉಳಿಯುತ್ತವೆ, ಉಳಿದ ಹೊತ್ತಿನಲ್ಲಿ ಅವೂ ತೀರುತ್ತವೆ. ಇಲ್ಲಿ ಬೇಕಾದ ಅಳತೆ 40. ಸಿಸ್ಟಮ್ ಫೈವ್‌ನಲ್ಲಿ ಎಂಎಸ್‌ಜಿಕಂಟ್ರೋಲ್ ಕರೆಯಿಂದ ಸರತಿಯ ಬೈಟುಗಳನ್ನು 640ಕ್ಕೆ ಇಳಿಸಿದರೆ ಅಷ್ಟೇ ಹಿಡಿಯುತ್ತದೆ. ಪೋಸಿಕ್ಸ್‌ನಲ್ಲಿ ಹತ್ತರ ಮಿತಿಯನ್ನು ಏರಿಸಲು ಯಂತ್ರದ ಆಡಳಿತಗಾರನ ಅನುಮತಿ ಬೇಕು. ಮಿತಿ ಪವಿತ್ರವೇನಲ್ಲ, ಏರಿಸಬಹುದು. ಆದರೆ ಏರಿಸುವ ಮೊದಲು ಎಷ್ಟು ಹೊತ್ತು ಕಾಯಿಸಲು ನಾವು ಸಿದ್ಧ ಎಂಬುದಕ್ಕೆ ಉತ್ತರವಿರಬೇಕು. ತುಂಬಿದಾಗ ಕಳಿಸುವವನು ಅಲ್ಲೇ ನಿಲ್ಲುತ್ತಾನೆ, ಅಥವಾ ಕಾಯಲಾರೆ ಎಂದು ಮೊದಲೇ ಹೇಳಿದ್ದರೆ ಈಗ ಆಗದು ಎಂಬ ದೋಷಸಂಖ್ಯೆಯೊಂದಿಗೆ ಹಿಂದಿರುಗುತ್ತಾನೆ. ಎರಡರಲ್ಲೂ ತನ್ನ ದರ ಒಳಗೆ ಹೋಗಿಲ್ಲವೆಂಬುದು ಅವನಿಗೆ ಖಚಿತವಾಗಿ ಗೊತ್ತು, ಖರೀದಿದಾರನಿಗೂ ಹಾಗೆಯೇ ಹೇಳಬಹುದು.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ: ನಿಲ್ಲಿಸುವ ಸರತಿ ಎಲ್ಲವನ್ನೂ ನಿಲ್ಲಿಸಿಬಿಡಬಹುದು. ದರ ಕಳಿಸುವವರೂ ಅದು ಸೇರಿತೆಂಬ ರಸೀದಿ ಪಡೆಯುವವರೂ ಅವರೇ ಆಗಿದ್ದು ಒಂದೇ ಸಿಸ್ಟಮ್ ಫೈವ್ ಸರತಿಯನ್ನು ಎರಡಕ್ಕೂ ಬಳಸಿದರೆ, ರಸೀದಿಯ ಬಗೆಯಾಗಿ ಪಡೆಯುವವನ ಪ್ರೋಸೆಸ್ ಸಂಖ್ಯೆಯನ್ನು ಹಾಕುವುದು ಪಠ್ಯಪುಸ್ತಕಗಳ ಹಳೆಯ ಉಪಾಯ. ಒಂದು ಕೌಂಟರಿನ ಪ್ರೋಸೆಸ್ ಸತ್ತರೆ ಅದರ ಹೆಸರಿಗೆ ಬಂದ ರಸೀದಿಗಳನ್ನು ಎತ್ತುವವರಿಲ್ಲ. ಅವು ಅಲ್ಲೇ ಕೂತು, ಒಂದೊಂದಾಗಿ ಸೇರಿ, ಕೊನೆಗೆ ಸರತಿಯೇ ತುಂಬಿ ಜೀವಂತವಿರುವ ಕೌಂಟರುಗಳೂ ನಿಂತುಹೋಗುತ್ತವೆ. ದರದ ಸರತಿ, ರಸೀದಿಯ ಸರತಿ ಬೇರೆಯಿದ್ದರೂ ಎರಡೂ ತುಂಬಿದ ಗಳಿಗೆಯಲ್ಲಿ ಎರಡೂ ಕಡೆಯವರು ಒಬ್ಬರಿಗೊಬ್ಬರು ಕಾಯುತ್ತ ಸಿಕ್ಕಿಕೊಳ್ಳಬಹುದು. ಆಕ್ಷೇಪ ನಿಜ, ಆದರೆ ಅದು ಮಿತಿಯ ವಿರುದ್ಧದ್ದಲ್ಲ, ವಿನ್ಯಾಸದ ವಿರುದ್ಧದ್ದು. ಪ್ರತಿ ಕೌಂಟರಿಗೂ ಅದರದೇ ರಸೀದಿ ಸರತಿ ಇರಬೇಕು. ನಡುವಿನ ಟೆಂಡರ್ ಪ್ರೋಸೆಸ್ ರಸೀದಿ ಕಳಿಸುವಾಗ ಎಂದೂ ಕಾಯಬಾರದು, ಸರತಿ ತುಂಬಿದೆ ಎಂದು ಬಂದರೆ ಆ ಕೌಂಟರ್ ಕೈಬಿಟ್ಟಿದೆ ಎಂದು ಗುರುತು ಹಾಕಿ ಮುಂದೆ ಸಾಗಬೇಕು. ಮಿತಿಯೇ ಇಲ್ಲದಿದ್ದರೆ ಸತ್ತ ಕೌಂಟರಿನ ರಸೀದಿಗಳು ಮೆಮೊರಿ ಮುಗಿಯುವವರೆಗೂ ಸೇರುತ್ತಲೇ ಇರುತ್ತಿದ್ದವು, ಕೊನೆಗೆ ಬೀಳುವುದು ಇಡೀ ಯಂತ್ರ.

ಎರಡನೆಯ ಆಕ್ಷೇಪ ದೊಡ್ಡವರದು. ಯುನಿಕ್ಸ್ ಪ್ರೋಗ್ರಾಮಿಂಗ್ ಕುರಿತ ತಮ್ಮ 1992ರ ಪುಸ್ತಕದಲ್ಲಿ ಡಬ್ಲ್ಯು. ರಿಚರ್ಡ್ ಸ್ಟೀವನ್ಸ್ ಸಿಸ್ಟಮ್ ಫೈವ್ ಸರತಿಯ ವೇಗವನ್ನು ಅಳೆದು, ಅದರ ತೊಡಕುಗಳನ್ನೂ ತೂಗಿ, ಹೊಸ ಪ್ರೋಗ್ರಾಮ್‌ಗಳಲ್ಲಿ ಅದನ್ನು ಬಳಸಬಾರದು ಎಂಬ ತೀರ್ಮಾನಕ್ಕೆ ಬಂದರು. ಆಂಡ್ರಾಯ್ಡ್ ಕಟ್ಟಿದವರು ಇನ್ನೂ ಮುಂದೆ ಹೋಗಿ ಸಿಸ್ಟಮ್ ಫೈವ್ ಸಾಧನಗಳನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಅವರ ಕಾರಣ ಸ್ಪಷ್ಟ: ಸರತಿ ಮಾಡಿದ ಪ್ರೋಸೆಸ್ ಸತ್ತರೂ ಸರತಿ ಸಾಯುವುದಿಲ್ಲ, ಯಾರಾದರೂ ಅಳಿಸುವವರೆಗೆ ಅಥವಾ ಯಂತ್ರ ಆರುವವರೆಗೆ ಕರ್ನಲ್‌ನಲ್ಲಿ ಉಳಿದೇ ಇರುತ್ತದೆ, ಫೋನಿನಂಥ ಸಾಧನದಲ್ಲಿ ಪ್ರೋಸೆಸ್‌ಗಳನ್ನು ಆಗಾಗ ಕೊಲ್ಲಲೇಬೇಕಾಗುವುದರಿಂದ ಅನಾಥ ಸರತಿಗಳು ಕೂಡುತ್ತ ಹೋಗುತ್ತವೆ. ಇವೆರಡೂ ಒಪ್ಪಬೇಕಾದ ಮಾತುಗಳೇ. ಕಾಲೇಜಿನ ಲ್ಯಾಬಿನಲ್ಲಿ ಐಪಿಸಿಎಸ್ ಆದೇಶ ಓಡಿಸಿ ನೋಡಿದರೆ ಯಾರೋ ಎಂದೋ ಬಿಟ್ಟುಹೋದ ಸರತಿಗಳು ಕಾಣಸಿಗುವುದು ಇದರಿಂದಲೇ. ಐಪಿಸಿಆರ್‌ಎಂ ಹಾಕಿ ಒಂದೊಂದನ್ನೂ ಅಳಿಸಬೇಕು. ಆದರೆ ಸ್ಟೀವನ್ಸ್ ಬರೆದಾಗ ಪೋಸಿಕ್ಸ್ ಸರತಿ ಇರಲಿಲ್ಲ. ಅವರು ಎತ್ತಿದ ತಕರಾರುಗಳಲ್ಲಿ ಒಂದು, ಸರತಿ ಕಡತದಂತೆ ಡಿಸ್ಕ್ರಿಪ್ಟರ್ ಅಲ್ಲದ್ದರಿಂದ ಬೇರೆ ಸಾಧನಗಳ ಜೊತೆಗೆ ಒಟ್ಟಿಗೆ ಕಾಯಲು ಬರುವುದಿಲ್ಲ ಎಂಬುದು. ಲಿನಕ್ಸ್‌ನ ಪೋಸಿಕ್ಸ್ ಸರತಿ ನಿಜಕ್ಕೂ ಕಡತದ ಡಿಸ್ಕ್ರಿಪ್ಟರೇ ಆಗಿರುವುದರಿಂದ ಸಾಕೆಟ್, ತೂಕದ ಯಂತ್ರದ ಸೀರಿಯಲ್ ಪೋರ್ಟ್, ಸರತಿ ಎಲ್ಲವನ್ನೂ ಒಂದೇ ಪೋಲ್ ಕರೆಯಲ್ಲಿ ಕಾಯಬಹುದು. ಅಳಿಯದೆ ಉಳಿಯುವ ಗುಣ ಇದಕ್ಕೂ ಇದೆ, ಎಂಕ್ಯೂ ಅನ್‌ಲಿಂಕ್ ಕರೆಯುವ ಹೊಣೆ ಪ್ರೋಗ್ರಾಮ್ ಬರೆದವರದೇ. ಆದರೆ ಅದೇ ಗುಣದಿಂದ ಟೆಂಡರ್ ಪ್ರೋಸೆಸ್ ನಡುವೆ ಕುಸಿದು ಮತ್ತೆ ಎದ್ದರೆ ಸಾಲಿನಲ್ಲಿದ್ದ ದರಗಳು ಹಾಗೇ ಸಿಗುತ್ತವೆ.

ಮೂರನೆಯದು ವೇಗದ ಮಾತು. ಪ್ರತಿ ಸಂದೇಶವೂ ಕಳಿಸುವವನಿಂದ ಕರ್ನಲ್‌ಗೆ, ಕರ್ನಲ್‌ನಿಂದ ಪಡೆಯುವವನಿಗೆ ಎಂದು ಎರಡು ಸಲ ನಕಲಾಗುತ್ತದೆ. ಹಂಚಿಕೆಯ ಮೆಮೊರಿಯಲ್ಲಿ ನಕಲೇ ಇಲ್ಲ. ಕ್ಯಾಮೆರಾದ ಚಿತ್ರಗಳಂಥ ದೊಡ್ಡ ಮಾಹಿತಿಗೆ ಹಂಚಿಕೆಯ ಮೆಮೊರಿಯೇ ಸರಿ, ಅದರಲ್ಲಿ ವಾದವಿಲ್ಲ. 16 ಬೈಟಿನ ಸಂದೇಶದಲ್ಲಿ ಮಾತ್ರ ಎರಡು ನಕಲಿನ ಖರ್ಚು ಲೆಕ್ಕಕ್ಕೆ ಬರುವಷ್ಟಿಲ್ಲ; ಹಂಚಿಕೆಯ ಮೆಮೊರಿಗೆ ಬೇಕಾದ ಬೀಗ, ಸೆಮಾಫೋರ್, ಸುತ್ತು ಬಫರುಗಳನ್ನು ತಪ್ಪಿಲ್ಲದೆ ಬರೆಯುವ ಖರ್ಚು ಬಹಳ ದೊಡ್ಡದು. ಆ ಬಫರು ಬರೆದವರೂ ಅದಕ್ಕೊಂದು ಅಳತೆ ಗೊತ್ತುಮಾಡಲೇಬೇಕು, ತುಂಬಿದಾಗ ಏನು ಮಾಡಬೇಕೆಂದೂ ಹೇಳಲೇಬೇಕು. ಯುನಿಕ್ಸ್ ಡೊಮೈನ್ ಸಾಕೆಟ್ ನಿಜವಾದ ಪ್ರತಿಸ್ಪರ್ಧಿ. ಅದರ ಡೇಟಾಗ್ರಾಮ್ ಬಗೆ ಲಿನಕ್ಸ್‌ನಲ್ಲಿ ಸಂದೇಶದ ಗಡಿಯನ್ನೂ ಕ್ರಮವನ್ನೂ ಕಾಪಾಡುತ್ತದೆ, ಪೋಸಿಕ್ಸ್ ಸರತಿ ಇಲ್ಲದ ಮ್ಯಾಕ್ ಯಂತ್ರದಲ್ಲೂ ಸಾಕೆಟ್ ಸಿಗುತ್ತದೆ. ಆದರೆ ಪಡೆಯುವವನು ಸಾಕೆಟ್ ತೆರೆದು ಕೂತಿರದಿದ್ದರೆ ಕಳಿಸಲು ಬರುವುದಿಲ್ಲ, ಅವನು ಸತ್ತರೆ ಅಲ್ಲಿ ಕಾಯುತ್ತಿದ್ದ ಸಂದೇಶಗಳೂ ಹೋಗುತ್ತವೆ. ಪಡೆಯುವವನು ಬಿದ್ದು ಏಳುವ ಸಾಧ್ಯತೆಯಿರುವ ಕಡೆ, ಸಂದೇಶ ಸಣ್ಣದಿದ್ದು ಒಂದೊಂದೂ ಮುಖ್ಯವಾಗಿರುವ ಕಡೆ ನನ್ನ ಆಯ್ಕೆ ಪೋಸಿಕ್ಸ್ ಸರತಿಯೇ. ಸಿಸ್ಟಮ್ ಫೈವ್ ಬಗೆ ಹಳೆಯ ಪ್ರೋಗ್ರಾಮ್‌ಗಳನ್ನು ನೋಡಿಕೊಳ್ಳುವವರಿಗೆ ತಿಳಿದಿರಬೇಕು. ಹೊಸದಾಗಿ ಅದನ್ನು ಹಿಡಿಯಲು ಬಗೆಯನ್ನು ಆರಿಸಿ ಓದುವ ಅನುಕೂಲ ಒಂದು ಬಿಟ್ಟರೆ ಬಲವಾದ ಕಾರಣ ಕಾಣುವುದಿಲ್ಲ.

ಸರತಿ ಮಾಡಲಾರದ್ದೂ ಇದೆ. ಕರ್ನಲ್‌ನ ಮೆಮೊರಿಯಲ್ಲಿರುವ ಸಾಲು ವಿದ್ಯುತ್ ಹೋದರೆ ಅಳಿಯುತ್ತದೆ. ಟೆಂಡರ್ ಪ್ರೋಸೆಸ್ ಸಂದೇಶವನ್ನು ಎತ್ತಿಕೊಂಡು ಕಡತಕ್ಕೆ ಬರೆಯುವ ಮೊದಲೇ ಸತ್ತರೂ ಅದು ಹೋದಂತೆಯೇ, ಏಕೆಂದರೆ ಎತ್ತಿದ ಕೂಡಲೇ ಸರತಿಯಿಂದ ತೆಗೆದುಹಾಕಲಾಗಿರುತ್ತದೆ. ಕೆಲಸ ಮುಗಿಯಿತು ಎಂದು ಹೇಳಿದ ಮೇಲೆ ತೆಗೆಯುವ ವ್ಯವಸ್ಥೆ ಇದರಲ್ಲಿಲ್ಲ. ಹಾಗಾಗಿ ಖರೀದಿದಾರನಿಗೆ ದರ ಸೇರಿತು ಎಂಬ ರಸೀದಿಯನ್ನು ಎಂಕ್ಯೂ ಸೆಂಡ್ ಸಫಲವಾದಾಗ ಕೊಡಬಾರದು, ದರ ಡಿಸ್ಕ್ ಮುಟ್ಟಿದ ಮೇಲೆ ಟೆಂಡರ್ ಪ್ರೋಸೆಸ್‌ನಿಂದಲೇ ಕೊಡಿಸಬೇಕು. ರಸೀದಿ ಬರದಿದ್ದರೆ ಕೌಂಟರ್ ಅದೇ ದರವನ್ನು ಅದೇ ಗುರುತಿನೊಂದಿಗೆ ಮತ್ತೆ ಕಳಿಸುತ್ತದೆ, ಎರಡು ಸಲ ಬಂದದ್ದನ್ನು ಟೆಂಡರ್ ಪ್ರೋಸೆಸ್ ಗುರುತು ನೋಡಿ ಒಂದೇ ಎಂದು ಎಣಿಸುತ್ತದೆ. ಬ್ಯಾಡಗಿಯ ದರವನ್ನು ಇನ್ನೊಂದು ಊರಿನ ಯಂತ್ರಕ್ಕೆ ಕಳಿಸಬೇಕಾದಾಗ ಕರ್ನಲ್‌ನ ಸರತಿ ಅಲ್ಲಿಗೇ ಮುಗಿಯಿತು, ಜಾಲದ ಮೇಲೆ ಓಡುವ ಬ್ರೋಕರ್ ತಂತ್ರಾಂಶ ಬೇಕು. ಅಲ್ಲಿಯೂ ಸಾಲು ಎಷ್ಟು ಉದ್ದ ಬೆಳೆಯಬಹುದು, ತುಂಬಿದಾಗ ಕಳಿಸುವವನಿಗೆ ಏನು ಹೇಳಬೇಕು ಎಂಬುದನ್ನು ಮೊದಲೇ ಗೊತ್ತುಮಾಡಬೇಕಾಗುತ್ತದೆ.